ಎದೆಯಲ್ಲಿ ನೂರ ಮೂವತ್ತು, ಮುಂಗೈಯಲ್ಲಿ ತೊಂಬತ್ತಾರು

ಇಳಕಲ್ಲಿನ ಬಸಯ್ಯ ಡಾಕ್ಟರ ದವಾಖಾನೆಯಲ್ಲಿ ರೋಷನಬಿ ಯಾರದಾದರೂ ಮುಂಗೈ ಹಿಡಿದಳೆಂದರೆ ಸುತ್ತಲಿದ್ದವರು ಮಾತು ನಿಲ್ಲಿಸುತ್ತಿದ್ದರು. ನಿಲ್ಲಿಸದಿದ್ದರೆ ಆಕೆ ಬೈಯುತ್ತಿರಲಿಲ್ಲ; ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಆಮೇಲೆ ಅಷ್ಟೂ ಜನ ಇನ್ನೊಂದು ನಿಮಿಷ ಸುಮ್ಮನೆ ಕೂಡಬೇಕಾಗುತ್ತಿತ್ತು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಪದ್ಧತಿ ಆಕೆಗೂ ಗೊತ್ತಿತ್ತು, ಆದರೆ ಆಕೆ ಅದನ್ನು ಒಂದು ದಿನವೂ ಮಾಡಿದವಳಲ್ಲ. ಪೂರಾ ಅರವತ್ತು ಸೆಕೆಂಡು, ಎಡಗೈಯ ಎಚ್‌ಎಂಟಿ ಗಡಿಯಾರದ ಮುಳ್ಳು ಹೊರಟಲ್ಲಿಗೆ ಬರುವ ತನಕ ಎಣಿಸಬೇಕು.

ರೋಷನಬಿ ಹುನಗುಂದದವಳು. ತಂದೆ ಟಾಂಗಾ ಹೊಡೆಯುತ್ತಿದ್ದ. ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆ ಮುಗಿಸಿದ ಮೇಲೆ ಇಳಕಲ್ಲಿಗೆ ಮದುವೆ ಮಾಡಿಕೊಟ್ಟರು. ಗಂಡ ಅಬ್ದುಲಸಾಬ ಕೆಂಪು ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದ. ಅರವತ್ತೇಳನೇ ಇಸವಿಯಲ್ಲಿ ಒಂದು ಮಧ್ಯಾಹ್ನ ಮೇಲಿನ ಬಂಡೆ ಸಡಿಲಾಗಿ ಅವನ ಮೇಲೆ ಬಿತ್ತು. ಆಗ ರೋಷನಬಿಗೆ ಇಪ್ಪತ್ಮೂರು, ಮಗಳು ಕಾಸಿಂಬಿಗೆ ಮೂರು ವರ್ಷ. ಒಂದು ವರ್ಷ ಅತ್ತೆಯ ಮನೆಯ ಮೂಲೆಯಲ್ಲಿ ಕೂತಳು. ಎರಡನೇ ವರ್ಷ, ಯಾರು ಏನೇ ಅಂದರೂ ಸರಿ ಎಂದು ಮಗಳನ್ನು ತವರಲ್ಲಿ ಬಿಟ್ಟು ಬಾಗಲಕೋಟೆಗೆ ಹೋಗಿ ನರ್ಸಿನ ತರಬೇತಿಗೆ ಸೇರಿದಳು. ಅಲ್ಲಿಯೇ ಇಂಗ್ಲಿಷ್ ಅಕ್ಷರ ಕಲಿತಳು. ಓದಿದರೆ ಅರ್ಥ ಆಗುತ್ತಿರಲಿಲ್ಲ. ಆದರೆ ಬಾಟಲಿಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಹಿಡಿದು ಬಿಡಿಸುತ್ತಿದ್ದಳು.

ಬಸಯ್ಯ ಡಾಕ್ಟರು ಆಕೆಯನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಎಪ್ಪತ್ತೊಂದರಲ್ಲಿ. ಹುಬ್ಬಳ್ಳಿಯಲ್ಲಿ ಓದಿ ಬಂದವರು, ಐವತ್ತರ ಹತ್ತಿರದ ವಯಸ್ಸು, ಕಡಿಮೆ ಮಾತು. ಮೊದಲ ತಿಂಗಳು ರೋಷನಬಿ ಬರೆದ ನಾಡಿಯ ಎಣಿಕೆಯನ್ನು ತಾವೂ ಮತ್ತೊಮ್ಮೆ ಎಣಿಸಿ ನೋಡುತ್ತಿದ್ದರು. ಎರಡನೇ ತಿಂಗಳು ಅದನ್ನು ಬಿಟ್ಟರು.

ಸಾವಿತ್ರೆವ್ವ ಆ ದವಾಖಾನೆಗೆ ಬಂದದ್ದು ಎಪ್ಪತ್ನಾಲ್ಕರ ಮಳೆಗಾಲದ ಕೊನೆಗೆ. ಬಂದಳು ಅನ್ನುವುದಕ್ಕಿಂತ ಆಕೆಯ ಗಂಡ ಅಮಾತೆಪ್ಪ ಆಕೆಯನ್ನು ಎತ್ತಿಕೊಂಡೇ ಬಂದ ಅನ್ನಬೇಕು. ಗಂಡಹೆಂಡತಿ ಇಬ್ಬರೂ ನೇಕಾರರು. ಮನೆಯಲ್ಲಿ ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿಮಗ್ಗ. ಸೀರೆಯ ಒಡಲನ್ನು ಗಂಡ ನೇಯುತ್ತಿದ್ದ, ಕೆಂಪು ಸೆರಗಿನಲ್ಲಿ ಬಿಳಿ ರೇಶಿಮೆಯ ತೆನೆ ಚಿತ್ತಾರ ಏಳಿಸುವ ಕೆಲಸ ಸಾವಿತ್ರೆವ್ವನದು. ಮೂವತ್ತು ವರ್ಷದ ಹೆಂಗಸು. ಸಣ್ಣವಳಿದ್ದಾಗ ಕೀಲುಗಳು ಬಾತು ಎರಡು ತಿಂಗಳು ಜ್ವರ ಬಂದಿತ್ತಂತೆ. ಅದು ಕೀಲು ಬಿಟ್ಟು ಎದೆಗೆ ಇಳಿದಿದೆ ಎಂದು ಆಗ ಯಾರಿಗೂ ಗೊತ್ತಾಗಿರಲಿಲ್ಲ. ಈಗ ಕಾಲು ಬಾತಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹತ್ತು ದಿನದಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ್ದಳು.

ರೋಷನಬಿ ಕೈ ಹಿಡಿದಳು. ಈ ನಾಡಿಗೆ ಲಯವೇ ಇರಲಿಲ್ಲ. ಮೂರು ಬಡಿತ ಒಂದರ ಮೇಲೊಂದು ಬಿದ್ದರೆ, ಆಮೇಲೆ ಒಂದು ಸಣ್ಣದು, ಆಮೇಲೆ ಖಾಲಿ, ಮತ್ತೆ ಎರಡು. ಕಷ್ಟಪಟ್ಟು ಎಣಿಸಿ "ತೊಂಬತ್ತಾರ್ರಿ" ಅಂದಳು.

ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಹುಬ್ಬು ಗಂಟಿಕ್ಕಿ, "ಇನ್ನೊಮ್ಮೆ ಎಣಸೋಣ. ನಾ ಎದಿ ಎಣಸ್ತೇನಿ, ನೀವು ಕೈ ಎಣಸ್ರಿ. ಒಂದ ಗಡಿಯಾರ, ಒಂದ ನಿಮಿಷ" ಅಂದರು.

ಗಡಿಯಾರ ಬಿಚ್ಚಿ ಮಂಚದ ಮೇಲಿಟ್ಟು ಇಬ್ಬರೂ ಒಮ್ಮೆಲೇ ಶುರು ಮಾಡಿದರು. ಮುಳ್ಳು ಸುತ್ತು ಹಾಕಿತು. ರೋಷನಬಿಗೆ ಮತ್ತೆ ತೊಂಬತ್ತಾರೇ ಬಂತು. ಡಾಕ್ಟರು ನೂರ ಮೂವತ್ತು ಅಂದರು.

ರೋಷನಬಿಯ ಮುಖ ಸಣ್ಣದಾಯಿತು. "ನಂದ ತಪ್ಪಿರಬೇಕ್ರಿ."

"ನಿಮ್ಮದೂ ತಪ್ಪಿಲ್ಲ, ನಂದೂ ತಪ್ಪಿಲ್ಲ. ಎದಿ ನೂರ ಮೂವತ್ತು ಸಲ ಬಡಿಯಾಕ ಹತ್ತೈತಿ. ಅದರಾಗ ಮೂವತ್ನಾಲ್ಕು ಕೈಗೆ ಮುಟ್ಟವಲ್ವು. ಒಂದ ಬಡಿತಕ್ಕೂ ಇನ್ನೊಂದ ಬಡಿತಕ್ಕೂ ನಡುವ ಬಿಡುವು ಇಲ್ಲ ನೋಡ್ರಿ, ಹಿಂಗಾಗಿ ಒಳಗ ರಕ್ತ ತುಂಬೂಕಿಂತ ಮೊದಲ ಎದಿ ಹಿಂಡಿಕೊಳ್ಳತೈತಿ. ಒಳಗ ಏನೂ ಇಲ್ಲಂದ್ರ ಏನ ಹಿಂಡತೈತಿ? ಆ ಬಡಿತ ಎಲ್ಲಾ ಖಾಲಿ ಹೋಗ್ತಾವು."

ರೋಷನಬಿ ಐದಾರು ವರ್ಷದಿಂದ ನಾಡಿ ಎಣಿಸುತ್ತ ಬಂದಿದ್ದಳು. ನಾಡಿ ಅಂದರೆ ಎದೆಯ ಬಡಿತ, ಎರಡೂ ಒಂದೇ ಅಂದುಕೊಂಡಿದ್ದಳು. ಇಷ್ಟು ದಿನ ಒಬ್ಬರೂ ಹೇಳದ ಸಂಗತಿ ಇದು. ಆ ಎರಡು ಅಂಕಿಗಳನ್ನು ಆಕೆ ಕೇಸ್ ಪೇಪರಿನ ಮೇಲೆ ಒಂದರ ಕೆಳಗೊಂದು ಬರೆದಳು.

ಡಾಕ್ಟರು ಕೊಟ್ಟದ್ದು ಸಣ್ಣ ಬಿಳಿ ಗುಳಿಗೆ, ಡಿಜಾಕ್ಸಿನ್. ಜೊತೆಗೆ ನೀರು ಇಳಿಸುವ ಇನ್ನೊಂದು ಗುಳಿಗೆ. ಮೊದಲಿನ ಎರಡು ದಿನ ಸಾವಿತ್ರೆವ್ವನನ್ನು ದವಾಖಾನೆಯ ಹಿಂದಿನ ಕೋಣೆಯಲ್ಲೇ ಇಟ್ಟುಕೊಂಡರು. ಅವಳ ಊಟ ಮುಗಿದ ಮೇಲೆ ಡಾಕ್ಟರು ರೋಷನಬಿಯನ್ನು ಕರೆದು ಹೇಳಿದರು:

"ಈ ಗುಳಿಗಿ ಎರಡ ಕೆಲಸಾ ಮಾಡತೈತಿ. ಬಡಿತ ನಿಧಾನ ಮಾಡತೈತಿ, ಅದರಿಂದ ಎದಿ ತುಂಬಿಕೊಳ್ಳಾಕ ವ್ಯಾಳೆ ಸಿಗತೈತಿ. ಎರಡನೇದು, ಹಿಂಡೂ ತಾಕತ್ತು ಹೆಚ್ಚು ಮಾಡತೈತಿ. ಆದ್ರ ಇದರ ಹಾದಿ ಭಾಳ ಇಕ್ಕಟ್ಟು. ಗುಣಾ ಮಾಡೂ ಅಳತಿ, ಕೆಡಸೂ ಅಳತಿ, ಎರಡೂ ಮಗ್ಗಲ ಮಗ್ಗಲಕ್ಕ ಅದಾವು. ದಿನಾ ಗುಳಿಗಿ ಕೊಡೂಕಿಂತ ಮೊದಲ ನಾಡಿ ಎಣಸ್ರಿ. ಅರವತ್ತಕ್ಕಿಂತ ಕಡಿಮಿ ಬಂದ್ರ ಕೊಡಬ್ಯಾಡ್ರಿ, ನನ್ನ ಕರೀರಿ. ವಾರದಾಗ ಐದ ದಿನ ಕೊಡೂದು, ಶನಿವಾರ ರವಿವಾರ ಬಿಡೂದು."

ನಾಲ್ಕನೇ ದಿನಕ್ಕೆ ಕಾಲಿನ ಬಾವು ಇಳಿಯಿತು. ಹತ್ತನೇ ದಿನ ಸಾವಿತ್ರೆವ್ವ ಅಂಗಾತ ಮಲಗಿ ನಿದ್ದೆ ಮಾಡಿದಳು. ಮೂರನೇ ವಾರ ಡಾಕ್ಟರೂ ರೋಷನಬಿಯೂ ಮತ್ತೆ ಕೂಡಿ ಎಣಿಸಿದರು: ಎದೆಯಲ್ಲಿ ಎಪ್ಪತ್ತೆಂಟು, ಮುಂಗೈಯಲ್ಲಿ ಎಪ್ಪತ್ತಾರು. ಲಯ ಈಗಲೂ ಸೊಟ್ಟಗೇ ಇತ್ತು. ಅದು ಇನ್ನು ಹಾಗೆಯೇ ಇರುತ್ತದೆ ಅಂದರು ಡಾಕ್ಟರು. ಆದರೆ ಒಂದೊಂದು ಬಡಿತವೂ ಬೆರಳಿಗೆ ತುಂಬಿ ಹತ್ತುತ್ತಿತ್ತು.

ಎರಡು ತಿಂಗಳಿಗೆ ಸಾವಿತ್ರೆವ್ವ ಮಗ್ಗದ ಕುಣಿಗೆ ಇಳಿದಳು. ಮೊದಲಿನಂತೆ ದಿನವೆಲ್ಲ ಆಗುತ್ತಿರಲಿಲ್ಲ, ಅರ್ಧ ದಿನ ನೇಯುತ್ತಿದ್ದಳು. ನಾಡಿ ಹದಕ್ಕೆ ಬಂದ ಮೇಲೆ ದಿನದ ಎಣಿಕೆ ವಾರಕ್ಕೊಮ್ಮೆಯಾಗಿತ್ತು; ಪ್ರತಿ ಸೋಮವಾರ ದವಾಖಾನೆಗೆ ಬಂದು ಕೈ ಚಾಚುವಳು. ಎಣಿಕೆ ಮುಗಿಯುವ ತನಕ ತುಟಿ ಬಿಚ್ಚುತ್ತಿರಲಿಲ್ಲ, ಮುಗಿದ ಕೂಡಲೇ ಮಾತು ಶುರು. ಮೂರು ವರ್ಷದಲ್ಲಿ ಇಬ್ಬರೂ ಗೆಳತಿಯರಂತಾದರು.

ಒಂದು ಸೋಮವಾರ ಸಾವಿತ್ರೆವ್ವ ಕೇಳಿದಳು: "ಅಕ್ಕಾರ, ನಮ್ಮ ಮೈದುನ ಹನಮಪ್ಪಗೂ ಡಾಕ್ಟರು ಎದಿ ನಿಧಾನ ಮಾಡೂ ಗುಳಿಗಿನ ಕೊಟ್ಟಾರಂತ. ನನ್ನ ಗುಳಿಗಿ ತೀರಿದಾಗ ಅವನದs ಎರಡ ತಗೊಂಡ್ರ ನಡೀತೈತೇನ್ರಿ?"

ರೋಷನಬಿ ಎದ್ದು ಹೋಗಿ ಡಾಕ್ಟರನ್ನು ಕೇಳಿದಳು. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಎದ್ದೇ ಬಂದುಬಿಟ್ಟರು.

"ಹಂಗ ಎಂದೂ ಮಾಡಬ್ಯಾಡ ಯವ್ವಾ. ಹನಮಪ್ಪನ ಎದಿ ಗಟ್ಟಿ ಐತಿ. ಗಂಟಲದಾಗಿನ ಥೈರಾಯ್ಡ್ ಗಡ್ಡಿ ಕೆಟ್ಟದ್ದಕ್ಕ ಅದು ಸುಮಸುಮ್ಮನ ಓಡಾಕ ಹತ್ತೈತಿ. ಅವನ ಗುಳಿಗಿ ಬಡಿತಾನೂ ಇಳಸತೈತಿ, ಹಿಂಡೂ ತಾಕತ್ತೂ ಇಳಸತೈತಿ. ಅವಗ ಅದು ಬೇಕು. ನಿನ್ನ ಎದಿ ಮೊದಲs ಸೋತೈತಿ. ಇದ್ದಷ್ಟು ತಾಕತ್ತೂ ಹೋದ್ರ ಮತ್ತ ಗೋಡಿಗೆ ಆತು ಕುಂಡ್ರಬೇಕಾಗತೈತಿ."

ಸಾವಿತ್ರೆವ್ವ "ಹಂಗಾರ ಇಬ್ಬರ ಗುಳಿಗೀನೂ ನಿಧಾನ ನೇಯಾಕ ಹಚ್ಚತಾವು. ಆದ್ರ ನಂದು ಮಗ್ಗದ ಹಲಗಿ ಬಿಗಿಯಾಗಿ ಬಡೀತೈತಿ, ಅವಂದು ಮೆತ್ತಗ ಬಡೀತೈತಿ" ಅಂದಳು. ಡಾಕ್ಟರು ಅಪರೂಪಕ್ಕೆ ನಕ್ಕರು.

ಎದೆಯನ್ನು ಓಡಿಸುವ ಔಷಧವನ್ನು ರೋಷನಬಿ ನೋಡಿದ್ದು ಎಪ್ಪತ್ತಾರರಲ್ಲಿ. ಹತ್ತಿಗೆ ಹುಳದ ಔಷಧ ಹೊಡೆಯುತ್ತಿದ್ದ ಅಂದಪ್ಪ ಎಂಬ ಆಳೊಬ್ಬನಿಗೆ, ಗಾಳಿ ತಿರುಗಿ ಮೈಮೇಲೆಲ್ಲ ಬಿದ್ದು, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು, ನಾಡಿ ನಲವತ್ತೆಂಟು. ಡಾಕ್ಟರು ಅಟ್ರೋಪಿನ್ನಿನ ಸಣ್ಣ ಗಾಜಿನ ಆಂಪ್ಯೂಲುಗಳನ್ನು ಒಂದಾದ ಮೇಲೊಂದು ಒಡೆಸಿ ಚುಚ್ಚಿದರು. ರೋಷನಬಿಯ ಬೆರಳಿನ ಕೆಳಗೇ ನಾಡಿ ಅರವತ್ತಾಯಿತು, ತೊಂಬತ್ತಾಯಿತು, ನೂರಾ ಇಪ್ಪತ್ತಕ್ಕೆ ಏರಿತು. ಮರುದಿನ ಅವನು ನೀರಡಿಕೆ ನೀರಡಿಕೆ ಎಂದು ಎರಡು ತಂಬಿಗೆ ನೀರು ಕುಡಿದ. ಅಂದಿನಿಂದ ಡಾಕ್ಟರ ತುರ್ತುಪೆಟ್ಟಿಗೆಯಲ್ಲಿ ಆರು ಆಂಪ್ಯೂಲು ಸದಾ ಇರುವಂತೆ ರೋಷನಬಿ ನೋಡಿಕೊಳ್ಳುತ್ತಿದ್ದಳು.

ಎಪ್ಪತ್ತೆಂಟರ ನವೆಂಬರದಲ್ಲಿ ಬಸಯ್ಯ ಡಾಕ್ಟರು ಅಣ್ಣನ ಕಾಯಿಲೆಯ ಸಲುವಾಗಿ ಒಂದು ತಿಂಗಳು ಸೊಲ್ಲಾಪುರಕ್ಕೆ ಹೋದರು. ದವಾಖಾನೆ ತೆರೆದಿರಲಿ, ಗಾಯಕ್ಕೆ ಪಟ್ಟಿ ಕಟ್ಟುವುದು, ಮೊದಲೇ ಬರೆದ ಇಂಜೆಕ್ಷನ್ ಕೊಡುವುದು ಇಷ್ಟು ಮಾತ್ರ ಮಾಡಿರಿ, ಬೇರೇನು ಬಂದರೂ ಊರಿನ ಇನ್ನೊಬ್ಬ ಡಾಕ್ಟರ ಕಡೆ ಕಳಿಸಿರಿ ಎಂದು ರೋಷನಬಿಗೆ ಹೇಳಿ ಹೋಗಿದ್ದರು.

ಸಾವಿತ್ರೆವ್ವ ಅದಕ್ಕೂ ಮುಂಚೆಯೇ ತವರಿಗೆ, ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಿದ್ದಳು. ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಐದು ವಾರದ ಮೇಲೆ ತಿರುಗಿ ಬಂದಳು, ಆದರೆ ಸೋಮವಾರ ದವಾಖಾನೆಗೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಬುಧವಾರ ಬೆಳಿಗ್ಗೆ ಅಮಾತೆಪ್ಪ ಒಬ್ಬನೇ ಬಂದ.

"ಅಕ್ಕಾರ, ವಾಂತಿಗೆ ಏನರೆ ಗುಳಿಗಿ ಇದ್ರ ಕೊಡ್ರಿ. ನಾಲ್ಕ ದಿನಾ ಆತು, ಒಂದ ತುತ್ತು ಒಳಗ ನಿಲ್ಲವಲ್ತು. ಅದs ದೊಡ್ಡದಲ್ಲ ಬಿಡ್ರಿ. ಆಕಿ ನಮಗ ನೂಲು ಕೊಡೂ ಸಾವಕಾರನ ಜೋಡಿ ಜಗಳಾ ತಗದಾಳ್ರಿ."

"ಎಂಥಾ ಜಗಳಾ?"

"ಬಿಳಿ ರೇಶಿಮಿ ಅಂತ ಹೇಳಿ ಹಳದಿ ಕೊಟ್ಟೀರಿ ಅಂತ. ಸಾವಕಾರ ನನ್ನ ಕರದು ನೂಲು ತೋರಿಸಿದ. ನಾ ನೋಡಿದೆ, ಹಾಲಿನಂಗ ಬೆಳ್ಳಗೈತ್ರಿ. ಆಕಿ ಕೇಳವಲ್ಲಳು. ಎರಡ ಸೆರಗು ಬಿಚ್ಚಿ ಒಗದಾಳ. ಓಣ್ಯಾಗಿನವರು ಕಾಮಣಿ ಆಗೈತಿ, ಸೊಪ್ಪಿನ ರಸಾ ಹಿಂಡಸ್ರಿ ಅನ್ನಾಕ ಹತ್ಯಾರ. ನಾಳೆ ಕರಕೊಂಡ ಹೋಗಬೇಕಂತ ಮಾಡೇನ್ರಿ."

ರೋಷನಬಿ ದವಾಖಾನೆಯ ಬಾಗಿಲಿಗೆ ಕೊಂಡಿ ಹಾಕಿ ಅವನ ಜೊತೆ ಹೊರಟಳು.

ಸಾವಿತ್ರೆವ್ವ ಮಗ್ಗದ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಮುಖ ಬಾಡಿತ್ತು. ರೋಷನಬಿ ಮೊದಲು ಆಕೆಯ ಕಣ್ಣಿನ ರೆಪ್ಪೆ ಎಳೆದು ಬೆಳಕಿಗೆ ಹಿಡಿದು ನೋಡಿದಳು. ಕಾಮಣಿ ಎಂಬ ಕಾಮಾಲೆಯಾಗಿದ್ದರೆ ಕಣ್ಣು ಹಳದಿಯಾಗಬೇಕಿತ್ತು. ಕಣ್ಣು ಬೆಳ್ಳಗಿತ್ತು. ಚೀಲದಿಂದ ಒಂದು ಹಿಡಿ ಹತ್ತಿ ತೆಗೆದು ಮುಂದೆ ಹಿಡಿದಳು.

"ಇದು ಯಾವ ಬಣ್ಣ, ಸಾವಿತ್ರೆವ್ವಾ?"

"ತಿಳಿ ಹಳದಿ. ಅಂಚಿಗೆ ಒಂದೀಟು ಹಸರ ಐತಿ."

ಅಮಾತೆಪ್ಪ ಹೆಂಡತಿಯನ್ನೇ ದಿಟ್ಟಿಸಿದ. ಇಪ್ಪತ್ತು ವರ್ಷ ಬಣ್ಣ ಕೂಡಿಸಿ ಸೆರಗು ನೇಯ್ದ ಹೆಂಗಸು, ಅರೆ ಬೆಳಕಿನಲ್ಲಿ ಎರಡು ಕೆಂಪಿನ ಎಳೆ ಬೇರೆ ಮಾಡುವವಳು.

ರೋಷನಬಿ ಕೈ ಹಿಡಿದಳು. ಎರಡು ಬಡಿತ ಜೋಡಿಯಾಗಿ ಬಂದವು, ಆಮೇಲೆ ದೊಡ್ಡ ಬಿಡುವು. ಮತ್ತೆ ಜೋಡಿ, ಮತ್ತೆ ಬಿಡುವು. ಇಷ್ಟು ವರ್ಷ ಸೊಟ್ಟಗೆ ಓಡುತ್ತಿದ್ದ ನಾಡಿ ಈಗ ಒಂದು ವಿಚಿತ್ರ ಶಿಸ್ತು ಹಿಡಿದಿತ್ತು. ಒಂದು ನಿಮಿಷಕ್ಕೆ ನಲವತ್ನಾಲ್ಕು. ಎಣಿಕೆ ತಪ್ಪಿರಬಹುದೆಂದು ಮತ್ತೆ ಹಿಡಿದಳು. ನಲವತ್ನಾಲ್ಕೇ.

"ಗುಳಿಗಿ ಎಷ್ಟ ತಗೊಳ್ಳಾಕ ಹತ್ತೀ?"

"ದಿನಾ ಒಂದು. ನೀವು ಹೇಳಿದಂಗ."

"ಎಲ್ಲೈತಿ, ತೋರಸು."

ಸಾವಿತ್ರೆವ್ವ ದಿಂಬಿನ ಕೆಳಗಿಂದ ಎರಡು ಪೊಟ್ಟಣ ತೆಗೆದಳು. "ಇದು ನಮ್ಮ ಡಾಕ್ಟರದು. ಇದು ಬಾದಾಮಿ ದವಾಖಾನಿದು. ಅಲ್ಲಿ ಒಂದ ದಿನಾ ಉಸರ ಹತ್ತಿತ್ತು, ಅವ್ವನ್ನ ನೋಡಾಕ ಬಂದ ಡಾಕ್ಟರು ನನಗೂ ಎದಿ ಗುಳಿಗಿ ಬರದು ಕೊಟ್ರು. ವಾರದ ಏಳೂ ದಿನಾ ತಗೋ ಅಂದ್ರು. ಇಬ್ಬರೂ ಶಾಣ್ಯಾ ಡಾಕ್ಟರು, ಯಾರದು ಬಿಡಲಿ? ಎರಡೂ ತಗೋತೇನಿ."

ಗುಳಿಗೆಗಳ ಗಾತ್ರ ಬೇರೆ, ದೊಡ್ಡ ಅಕ್ಷರದ ಹೆಸರೂ ಬೇರೆ. ರೋಷನಬಿ ಎರಡೂ ಪಟ್ಟಿಗಳನ್ನು ಮಗ್ಗದ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟಳು. ದೊಡ್ಡ ಹೆಸರಿನ ಕೆಳಗೆ ಸಣ್ಣ ಅಕ್ಷರ ಇದ್ದವು. ಬೆರಳಿಟ್ಟು ಒಂದೊಂದೇ ಅಕ್ಷರ ಹಿಡಿದಳು. ಡಿ. ಈ ಕಡೆಯೂ ಡಿ. ಐ, ಈ ಕಡೆಯೂ ಐ. ಏಳು ಅಕ್ಷರವೂ ಅವೇ. ಸಾವಿತ್ರೆವ್ವ ಒಂದೇ ಔಷಧವನ್ನು ಎರಡು ಹೆಸರಲ್ಲಿ, ವಾರಕ್ಕೆ ಐದರ ಬದಲು ಹನ್ನೆರಡು ಗುಳಿಗೆ ನುಂಗುತ್ತಿದ್ದಳು. ನೀರು ಇಳಿಸುವ ಗುಳಿಗೆ ಬೇರೆ ಇತ್ತು, ಅದರ ಮೇಲೆ ನಾಲ್ಕು ದಿನದ ವಾಂತಿ.

"ಇವತ್ತಿನಿಂದ ಎರಡೂ ಬಂದ್" ಅಂದಳು ರೋಷನಬಿ.

ಅಮಾತೆಪ್ಪ ಗಾಬರಿಯಾದ. "ಗುಳಿಗಿ ಬಿಟ್ರ ಉಸರ ಹತ್ತತೈತಿ ಅಂತ ನೀವs ಹೇಳಿದ್ರಲ್ರಿ? ಡಾಕ್ಟರು ಊರಾಗಿಲ್ಲ. ನೀವು ಹಿಂಗಂದ್ರ ನಾಳೆ ಏನರೆ ಆದ್ರ?"

"ಆದ್ರ ನನ್ನ ಹೆಸರ ಹೇಳು. ಈಗ ಆಕಿಗೆ ಸೀರಿ ಉಡಸಾಕ ಹೇಳು, ಬಾಗಲಕೋಟಿಗೆ ಹೋಗೂಣು."

ಊರಿನ ಇನ್ನೊಬ್ಬ ಡಾಕ್ಟರು ಅಂದು ಹಳ್ಳಿಯ ಶಿಬಿರಕ್ಕೆ ಹೋಗಿದ್ದರು, ಸಂಜೆಯ ತನಕ ಬರುವಂತಿರಲಿಲ್ಲ. ರೋಷನಬಿ ದವಾಖಾನೆಗೆ ಓಡಿಹೋಗಿ ಬೆಳಿಗ್ಗೆ ಕುದಿಸಿಟ್ಟ ಗಾಜಿನ ಸಿರಿಂಜಿನ ಸ್ಟೀಲ್ ಡಬ್ಬಿ ತಂದಳು. ತುರ್ತುಪೆಟ್ಟಿಗೆಯಿಂದ ಅಟ್ರೋಪಿನ್ನಿನ ಎರಡು ಆಂಪ್ಯೂಲು ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಂಡಳು. ಅವನ್ನು ಯಾಕೆ ತೆಗೆದೆ ಎಂದು ಆ ಹೊತ್ತಿಗೆ ಯಾರಾದರೂ ಕೇಳಿದ್ದರೆ ಆಕೆಗೆ ಹೇಳಲು ಬರುತ್ತಿರಲಿಲ್ಲ.

ಹನ್ನೊಂದರ ಬಸ್ಸು ಸಿಕ್ಕಿತು. ಸಾವಿತ್ರೆವ್ವನನ್ನು ಉದ್ದನೆಯ ಸೀಟಿನಲ್ಲಿ ಮಲಗಿಸಿ, ತಲೆಯನ್ನು ಅಮಾತೆಪ್ಪನ ತೊಡೆಯ ಮೇಲಿಟ್ಟರು. ರೋಷನಬಿ ಕೆಳಗೆ ಕುಕ್ಕರಗಾಲಲ್ಲಿ ಕೂತು ಮುಂಗೈ ಬಿಡದೆ ಹಿಡಿದಿದ್ದಳು. ಹುನಗುಂದ ದಾಟುವ ತನಕ ನಲವತ್ನಾಲ್ಕು, ನಲವತ್ಮೂರು. ಬಸ್ಸಿನ ಕುಲುಕಾಟದಲ್ಲಿ ಒಮ್ಮೊಮ್ಮೆ ಬೆರಳು ಜಾರುತ್ತಿತ್ತು. ಆಗೆಲ್ಲ ಮತ್ತೆ ಒಂದರಿಂದ ಎಣಿಸುತ್ತಿದ್ದಳು.

ಅಮೀನಗಡದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಜನ ಇಳಿದು ಕರದಂಟಿನ ಅಂಗಡಿಗಳ ಕಡೆ ನಡೆದರು. ಕುಲುಕಾಟ ನಿಂತಿದ್ದರಿಂದ ಸರಿಯಾಗಿ ಎಣಿಸೋಣವೆಂದು ರೋಷನಬಿ ಗಡಿಯಾರ ನೋಡಿದಳು. ಮೂವತ್ತಾರು. ಎಣಿಕೆ ಮುಗಿಯುವ ಹೊತ್ತಿಗೆ ಸಾವಿತ್ರೆವ್ವನ ಕಣ್ಣು ಮೇಲೆ ಹೋದವು, ಕೈ ಸಡಿಲಾಯಿತು. ಬೆರಳಿನ ಕೆಳಗೆ ಏನೂ ಇರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಆಮೇಲೆ ಒಂದು ಬಡಿತ ಬಂತು. ಮತ್ತೊಂದು ಬಂತು. ಸಾವಿತ್ರೆವ್ವ ಕಣ್ಣು ತೆರೆದು "ಎಲ್ಲದೇವಿ?" ಅಂದಳು.

ಬಾಗಲಕೋಟೆ ಇನ್ನೂ ಒಂದು ತಾಸಿನ ಹಾದಿ. ಡಾಕ್ಟರ ಅಪ್ಪಣೆ ಇಲ್ಲದೆ ಸೂಜಿ ಮುಟ್ಟಬಾರದು ಎಂದು ತರಬೇತಿಯ ಮೊದಲ ದಿನವೇ ಕಲಿಸಿದ್ದರು. ಹೊಲದ ಆಳು ಅಂದಪ್ಪನಿಗೆ ನಾಡಿ ಏರಿದ್ದು ವಿಷದ ಕೇಸಿನಲ್ಲಿ; ಇಲ್ಲಿ ಕೆಡಿಸಿದ್ದು ಬೇರೆ ಪದಾರ್ಥ. ಈ ಔಷಧ ಇದಕ್ಕೂ ನಡೆಯುತ್ತದೆಯೋ ಇಲ್ಲವೋ ಆಕೆಗೆ ಖಾತ್ರಿ ಇರಲಿಲ್ಲ. ಆದರೆ ಇನ್ನೊಮ್ಮೆ ಹಾಗೆ ನಿಂತರೆ ತಿರುಗಿ ಶುರುವಾಗುತ್ತದೆ ಎಂಬ ಖಾತ್ರಿಯೂ ಇರಲಿಲ್ಲ.

"ಅಮಾತೆಪ್ಪಾ, ಆಕಿ ತೋಳು ಬಿಗಿಯಾಗಿ ಹಿಡಿ" ಅಂದಳು. ಆಂಪ್ಯೂಲಿನ ಕುತ್ತಿಗೆ ಮುರಿದಳು. ಒಂದು ಹನಿಯೂ ಚೆಲ್ಲದಂತೆ ಔಷಧವನ್ನು ಸಿರಿಂಜಿಗೆ ಎಳೆದುಕೊಂಡಳು. ತೋಳಿನ ಮಾಂಸಕ್ಕೆ ಚುಚ್ಚಿ ಹತ್ತಿ ಒತ್ತಿ ಹಿಡಿದಳು. ಕಂಡಕ್ಟರ ಕಿಟಕಿಯಿಂದ ನೋಡಿ, ಏನೂ ಕೇಳದೆ, ಚಹಾ ಕುಡಿಯುತ್ತಿದ್ದವರನ್ನೆಲ್ಲ ಕರೆದು ಬಸ್ಸು ಹತ್ತಿಸಿದ.

ಹದಿನೈದು ನಿಮಿಷದ ಮೇಲೆ ನಾಡಿ ಐವತ್ತೆರಡು. ಸಾವಿತ್ರೆವ್ವ "ಬಾಯಿ ಒಣಗಾಕ ಹತ್ತೈತಿ" ಅಂದಳು. ಅದನ್ನು ಕೇಳಿ ರೋಷನಬಿಗೆ ಎಷ್ಟು ಸಮಾಧಾನವಾಯಿತೆಂದರೆ, ಬಸ್ಸಿನ ನೆಲದ ಮೇಲೆಯೇ ಕಾಲು ಚಾಚಿ ಕೂತುಬಿಟ್ಟಳು.

ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಇಸಿಜಿ ತೆಗೆದರು. ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಉದ್ದನೆಯ ಕಾಗದ ನೋಡಿದರು, ಎರಡೂ ಗುಳಿಗೆ ಪಟ್ಟಿ ನೋಡಿದರು, ಆಮೇಲೆ ತೋಳಿನ ಮೇಲಿನ ಸೂಜಿಯ ಗುರುತು ನೋಡಿದರು.

"ಇದನ್ನ ಯಾರ ಕೊಟ್ರು?"

"ನಾನ್ರಿ. ಅಟ್ರೋಪಿನ್ನು, ಒಂದ ಆಂಪ್ಯೂಲು. ಹನ್ನೆರಡೂ ನಲವತ್ತಕ್ಕ."

"ಯಾವ ಡಾಕ್ಟರು ಹೇಳಿದ್ರು?"

"ಯಾರೂ ಇಲ್ರಿ."

ಅವರು ಇಸಿಜಿಯ ಕಾಗದ ಮಡಚಿಟ್ಟರು. "ಆ ಜಾಗಾದಾಗ ನಾ ಇದ್ದಿದ್ರೂ ಅದನ್ನ ಕೊಡತಿದ್ದೆ. ಆದ್ರ ನೀವು ಕೊಡಬಾರದಿತ್ತು" ಅಂದರು. ಆಮೇಲೆ ಒಳಗೆ ಹೋಗಿ ಸಲಾಯಿನ್ ಹಚ್ಚಲು, ವಾಂತಿಯಿಂದ, ನೀರು ಇಳಿಸುವ ಗುಳಿಗೆಯಿಂದ ಕಡಿಮೆಯಾದ ಪೊಟ್ಯಾಸಿಯಂ ಅದರಲ್ಲಿ ಸೇರಿಸಲು ಬರೆದರು.

ನಾಡಿ ಇಳಿಸಿ, ವಾಂತಿ ಮಾಡಿಸಿ, ಬಿಳಿಯನ್ನು ಹಳದಿಯಾಗಿ ಕಾಣಿಸಿದ್ದ ಹೆಚ್ಚಿನ ಡಿಜಾಕ್ಸಿನ್ ಮೈಯಿಂದ ಇಳಿಯಲು ಒಂದು ವಾರ ಹಿಡಿಯಿತು. ಮೂರನೇ ದಿನ ವಾಂತಿ ನಿಂತಿತು. ಆರನೇ ದಿನ ಸಾವಿತ್ರೆವ್ವ ಎದುರಿನ ಮಂಚದ ಚಾದರ ನೋಡಿ, "ಬೆಳ್ಳಗೈತಲ್ಲ ಇದು" ಅಂದಳು. ಅಂದವಳೇ ಅಳಲು ಶುರು ಮಾಡಿದಳು. ಸಾವಕಾರನಿಗೆ ಬಾಯಿಗೆ ಬಂದಂತೆ ಅಂದದ್ದು ನೆನಪಾಗಿತ್ತು.

ಬಸಯ್ಯ ಡಾಕ್ಟರು ಊರಿಗೆ ಬಂದು ಎಲ್ಲ ಕೇಳಿಸಿಕೊಂಡ ಮೇಲೆ ರೋಷನಬಿ ಹೊಗಳಿಕೆ ನಿರೀಕ್ಷಿಸಿದ್ದಳೋ ಏನೋ, ಸಿಕ್ಕಿದ್ದು ಬೈಗುಳ.

"ಆಕಿ ಅಲ್ಲೇ ಸತ್ತಿದ್ರ? ರೋಡಿನ್ಯಾಗ ನರ್ಸು ಸೂಜಿ ಚುಚ್ಚಿ ಕೊಂದ್ಲು ಅಂತಿದ್ರು. ನಿಮ್ಮನ್ನ ಜೇಲಿಗೆ ಹಾಕತಿದ್ರು. ಮಗಳ ಗತಿ ಏನ ಆಗತಿತ್ತು, ಒಂದ ಸಲ ವಿಚಾರ ಮಾಡಿದ್ರೇನು?"

"ಮಾಡಿರಲಿಲ್ರಿ."

"ಇನ್ನೊಮ್ಮೆ ಹಂಗ ಆದ್ರ?"

ರೋಷನಬಿ ಸಿರಿಂಜು ತೊಳೆಯುತ್ತಿದ್ದಳು. ತಲೆ ಎತ್ತದೆ, "ಇನ್ನೊಮ್ಮೆ ಹಂಗ ಆದ್ರ ಇನ್ನೊಮ್ಮೆ ಕೊಡತೇನ್ರಿ" ಅಂದಳು.

ಡಾಕ್ಟರು ಒಂದು ವಾರ ಆಕೆಯೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಎಂಟನೇ ದಿನ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು, ಸಹಿ ಮಾಡಿ, ತುರ್ತುಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದರು. ನಾಡಿ ಎಷ್ಟಕ್ಕಿಂತ ಇಳಿದು ರೋಗಿಗೆ ಎಚ್ಚರ ತಪ್ಪಿದರೆ, ಡಾಕ್ಟರು ಸಿಗದಿದ್ದರೆ, ಯಾವ ಔಷಧವನ್ನು ಎಷ್ಟು ಕೊಡಬೇಕು ಎಂದು ಅದರಲ್ಲಿ ಬರೆದಿತ್ತು.

ಆದರೆ ಬಾದಾಮಿಯ ವಿಷಯ ರೋಷನಬಿಯ ತಲೆಯಿಂದ ಹೋಗಲಿಲ್ಲ. ಜನವರಿಯಲ್ಲಿ ಒಂದು ರವಿವಾರ ಎರಡೂ ಗುಳಿಗೆ ಪಟ್ಟಿ ಹಿಡಿದುಕೊಂಡು ತಾನೇ ಬಸ್ಸು ಹತ್ತಿ ಆ ದವಾಖಾನೆಗೆ ಹೋದಳು. ವಯಸ್ಸಾದ ಡಾಕ್ಟರು ಪಟ್ಟಿಗಳನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಮುಖ ಬಿಗಿಯಾಯಿತು.

"ಆ ಹೆಣ್ಣಮಗಳು ಬ್ಯಾರೆ ಗುಳಿಗಿ ತಗೋತಾಳಂತ ನನಗ ಹೇಳಲಿಲ್ಲ."

"ನೀವು ಕೇಳಿದ್ರೇನ್ರಿ?"

ಡಾಕ್ಟರು ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನನ್ನ ಯಾರ ಕಳಿಸ್ಯಾರ ಇಲ್ಲಿಗೆ?"

"ಯಾರೂ ಕಳಿಸಿಲ್ರಿ. ನಾನೂ ಕೇಳಿರಲಿಲ್ಲ. ನಾಲ್ಕ ವರ್ಷ ವಾರಾ ವಾರಾ ಆಕಿ ಕೈ ಹಿಡದೇನಿ. ಊರಿಗೆ ಹೊಂಟಾಗ, ಅಲ್ಲಿ ಯಾರರೆ ಗುಳಿಗಿ ಕೊಟ್ರ ಇದನ್ನ ತೋರಸು ಅಂತ ಒಂದ ಮಾತು ಹೇಳಲಿಲ್ಲ. ಅದನ್ನs ಹೇಳಾಕ ಬಂದೇನ್ರಿ, ನಿಮ್ಮ ತಪ್ಪು ತಗಿಯಾಕ ಬಂದಿಲ್ಲ."

ಅವರು ಪಟ್ಟಿಗಳನ್ನು ಮೇಜಿನ ಮೇಲಿಟ್ಟರು. ಆಮೇಲೆ ಒಳಗಿನವರಿಗೆ ಕೂಗಿ ಚಹಾ ಮಾಡಲು ಹೇಳಿದರು. ಚಹಾ ಕುಡಿಯುವಾಗ ಸಾವಿತ್ರೆವ್ವನ ನಾಡಿ ಯಾವ ದಿನ ಎಷ್ಟಿತ್ತು ಎಂದೆಲ್ಲ ಕೇಳಿ, ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡರು. ಮುಂದಿನ ಸಲ ಸಾವಿತ್ರೆವ್ವ ತವರಿಗೆ ಹೋದಾಗ ಅಲ್ಲಿನ ದವಾಖಾನೆಯಲ್ಲಿ ಬಾಗಿಲಲ್ಲೇ ಕೇಳಿದರಂತೆ, ಬೇರೆ ಕಡೆಯ ಗುಳಿಗೆ ಇದ್ದರೆ ಜೊತೆಗೆ ತಂದಿದ್ದೀಯಾ ಎಂದು.

ಗುಳಿಗೆಯನ್ನು ಮತ್ತೆ ಶುರು ಮಾಡಲೇಬೇಕಾಯಿತು. ಬಿಟ್ಟ ಇಪ್ಪತ್ತು ದಿನಕ್ಕೆ ಕಾಲು ಬಾತುಕೊಳ್ಳತೊಡಗಿದ್ದವು. ಈ ಸಲ ಅರ್ಧ ಗುಳಿಗೆ, ವಾರಕ್ಕೆ ಐದು ದಿನ, ಜೊತೆಗೆ ಪೊಟ್ಯಾಸಿಯಂ ಸಲುವಾಗಿ ದಿನವೂ ಬಾಳೆಹಣ್ಣು. ಸಾವಿತ್ರೆವ್ವ ಹೆದರಿದ್ದಳು, ಗುಳಿಗೆ ಬಾಯಿಗೆ ಹಾಕಲು ಒಲ್ಲೆನೆಂದಳು. ಆಗ ರೋಷನಬಿ ಅಮಾತೆಪ್ಪನಿಗೆ ನಾಡಿ ಎಣಿಸುವುದನ್ನು ಕಲಿಸಲು ಕೂತಳು. ನೇಕಾರನ ಬೆರಳು ಎಳೆ ಹಿಡಿಯುವುದರಲ್ಲಿ ಚುರುಕು, ಆದರೆ ಎಣಿಸುವಾಗ ಗಡಿಯಾರ ನೋಡುವುದನ್ನು ಮರೆಯುತ್ತಿದ್ದ. ಹದಿನೈದು ದಿನ ಬೇಕಾಯಿತು. ಆಮೇಲಾಮೇಲೆ ಓಣಿಯ ಇನ್ನೂ ಇಬ್ಬರು ಎದೆ ರೋಗಿಗಳ ಮನೆಯವರು ಕಲಿತರು. ಹನಮಪ್ಪನ ಹೆಂಡತಿ ಗುರುಲಿಂಗವ್ವ ಎಲ್ಲರಿಗಿಂತ ಬೇಗ ಕಲಿತಳು.

ಎಂಬತ್ಮೂರರ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಎಂಟಕ್ಕೆ ಅಮಾತೆಪ್ಪ ದವಾಖಾನೆಯ ಬಾಗಿಲಿಗೆ ಬಂದು ನಿಂತಿದ್ದ.

"ಐವತ್ನಾಲ್ಕ ಬಂತ್ರಿ ಅಕ್ಕಾರ. ಮೂರ ಸಲ ಎಣಸಿದೆ. ಗುಳಿಗಿ ಕೊಟ್ಟಿಲ್ಲ."

"ವಾಂತಿ?"

"ಇಲ್ರಿ. ಬಣ್ಣಾನೂ ಕೇಳೇನಿ. ಬಿಳಿ ಬಿಳಿನs ಐತಂತ."

ರೋಷನಬಿ ಮನೆಗೆ ಹೋಗಿ ಎಣಿಸಿದಳು. ಐವತ್ತಾರು ಬಂತು. ಎರಡು ದಿನ ಭೇದಿಯಾಗಿತ್ತು ಎಂದು ಸಾವಿತ್ರೆವ್ವ ಆಗ ಬಾಯಿ ಬಿಟ್ಟಳು. ಅಂದು ಮತ್ತು ಮರುದಿನ ಗುಳಿಗೆ ಬೇಡ, ಎಳನೀರು, ಗಂಜಿ ಕೊಡಿ ಅಂದರು ಡಾಕ್ಟರು. ಮೂರನೇ ದಿನ ನಾಡಿ ಅರವತ್ತೆಂಟಕ್ಕೆ ಬಂತು. ಅಮಾತೆಪ್ಪ ತಾನೇ ಬ್ಲೇಡಿನಿಂದ ಗುಳಿಗೆ ಅರ್ಧ ಮಾಡಿ ಹೆಂಡತಿಯ ಅಂಗೈಗೆ ಹಾಕಿದ. ರೋಷನಬಿ ಪಕ್ಕದಲ್ಲೇ ಕೂತಿದ್ದಳು. ಆಕೆಗೆ ಮಾಡಲು ಏನೂ ಇರಲಿಲ್ಲ. ಸಾವಿತ್ರೆವ್ವ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಅಕ್ಕಾರಿಗೆ ಚಾ ಮಾಡ್ರಿ, ಸುಮ್ಮನ ಕುಂತೀರೇನು" ಎಂದು ಗಂಡನಿಗೆ ಹೇಳಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟಳು.